"ಬಿತ್ತಿದ್ದನ್ನೇ ಕೊಯ್ಯಬೇಕು": ಈ ವಾಕ್ಯವನ್ನು ನಾವು ಯಾರಿಗೆ ಹೇಳುತ್ತಿದ್ದೇವೆ?

ಓದುಗ ಮಿತ್ರ

ಎಲ್ಲರಿಗೂ ವಂದನೆ.

"ಮನುಷ್ಯನು ತಾನು ಏನು ಬಿತ್ತುತ್ತಾನೋ ಅದನ್ನೇ ಕೊಯ್ಯಬೇಕು." ಸತ್ಯವೇದದಲ್ಲಿ (ಬೈಬಲಿನಲ್ಲಿ) ಪೌಲ ಗಲಾತ್ಯದವರಿಗೆ ಬರೆದ ಪತ್ರ, 6ನೇ ಅಧ್ಯಾಯ, 7ನೇ ವಚನ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಬಾಯಿಪಾಠ. ಆದರೆ ಈ ಮಾತು ನಮ್ಮ ಬಾಯಿಗೆ ಬರೋದು ಯಾವಾಗ ಅಂತ ಸ್ವಲ್ಪ ಗಮನಿಸಿ. ಯಾರಿಗೋ ಕೆಲಸ ಹೋದಾಗ ಬರುತ್ತದೆ. ಯಾರದೋ ಮಗ ಮನೆ ಬಿಟ್ಟು ಹೋದಾಗ ಬರುತ್ತದೆ. ಯಾರೋ ಆಸ್ಪತ್ರೆ ಸೇರಿದಾಗಲೂ ಬಂದುಬಿಡುತ್ತದೆ. "ಬಿತ್ತಿದ್ದನ್ನ ಕೊಯ್ತಿದ್ದಾರೆ, ಇನ್ನೇನು" ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಅದೇ ಮಾತನ್ನು ನಮಗೆ ನಾವೇ ಹೇಳಿಕೊಳ್ಳೋದು ಬಹಳ ಅಪರೂಪ.

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ನಾಳೆ ನಾನು ಏನು ಮಾಡಬೇಕು ಅಂತ ತೀರ್ಮಾನ ಮಾಡೋಕೆ ಈ ವಾಕ್ಯ ಕೊಟ್ಟಿದ್ದಾರೆ. ಪಕ್ಕದವರು ನಿನ್ನೆ ಏನು ಮಾಡಿರಬಹುದು ಅಂತ ಊಹೆ ಮಾಡೋಕೆ ಕೊಟ್ಟಿಲ್ಲ.

ಸುತ್ತಲಿನ ವಚನಗಳನ್ನು ಓದಿ ನೋಡಿ. ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಮೆತ್ತಗೆ ಸರಿದಾರಿಗೆ ತನ್ನಿ ಅಂತ ಅಧ್ಯಾಯ ಶುರುವಾಗುತ್ತದೆ. ಒಬ್ಬರ ಭಾರವನ್ನು ಒಬ್ಬರು ಹೊರಿ ಅಂತ 2ನೇ ವಚನ ಹೇಳುತ್ತದೆ. ಪ್ರತಿಯೊಬ್ಬನು ತಾನು ಮಾಡಿದ ಕೆಲಸವನ್ನೇ ಪರೀಕ್ಷೆ ಮಾಡಿಕೊಳ್ಳಲಿ ಅಂತ 4ನೇ ವಚನ. ವಾಕ್ಯ ಕಲಿಸುವವರ ಜೊತೆ ಒಳ್ಳೆಯದನ್ನು ಹಂಚಿಕೊಳ್ಳಿ ಅಂತ 6ನೇ ವಚನ. ಇಷ್ಟಾದ ಮೇಲೆ ಬಿತ್ತನೆಯ ಮಾತು. ಅದಾದ ತಕ್ಷಣ, ಒಳ್ಳೆಯದು ಮಾಡುವುದರಲ್ಲಿ ಬೇಸರಪಡಬೇಡಿ, ಎಲ್ಲರಿಗೂ ಒಳ್ಳೆಯದು ಮಾಡಿ ಅಂತ 9 ಮತ್ತು 10. ಇಡೀ ಭಾಗ ನಮ್ಮ ಕೈ ಏನು ಮಾಡುತ್ತಿದೆ ಅನ್ನೋದರ ಬಗ್ಗೆಯೇ ಇದೆ.

ಇನ್ನೊಂದು ವಿಷಯ. 8ನೇ ವಚನದಲ್ಲಿ ಬರುವ ಶರೀರಭಾವಕ್ಕೆ ಬಿತ್ತುವುದು, ಅಂದರೆ ಕೆಟ್ಟ ಆಸೆಗಳ ಹಿಂದೆ ಹೋಗುವುದು, ಅಂದ ಕೂಡಲೇ ನಮಗೆ ಕುಡಿತ, ವ್ಯಭಿಚಾರ ನೆನಪಾಗುತ್ತವೆ. ಹಿಂದಿನ ಅಧ್ಯಾಯದಲ್ಲಿ ಪೌಲ ಕೊಟ್ಟಿರುವ ಪಟ್ಟಿಯಲ್ಲಿ ಅವೂ ಇವೆ. ಅವುಗಳ ಪಕ್ಕದಲ್ಲೇ ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಗುಂಪುಗಾರಿಕೆಯೂ ಇವೆ. ಸಭೆಗೆ (ಚರ್ಚಿಗೆ) ತಪ್ಪದೆ ಬರುವವರು ದಿನಾ ಬಿತ್ತುವ ಬೀಜ ಇವೇ ಅಲ್ವಾ?

ನಿಮ್ಮ ದಿನದ ಬದುಕಿನಲ್ಲಿ ಇದು ಹೇಗೆ ಕಂಡಿದೆ? ಬರೆಯಿರಿ.

ಹೊಸಬ

ಒಂದು ಸಂದೇಹ. ತಪ್ಪು ತಿಳಿಯಬೇಡಿ. "ಮಾಡಿದ್ದುಣ್ಣೋ ಮಹಾರಾಯ" ಅಂತ ನಮ್ಮ ಅಜ್ಜಿ ಮೊದಲಿನಿಂದಲೂ ಹೇಳುತ್ತಿದ್ದರು. ಪೌಲ ಹೇಳಿದ್ದೂ ಅದೇ ಅಲ್ವಾ? ನಾನು ಸತ್ಯವೇದ ಓದಲು ಶುರು ಮಾಡಿ ಜಾಸ್ತಿ ದಿನ ಆಗಿಲ್ಲ.

ಹಳೇ ವಿಶ್ವಾಸಿ

ಒಳ್ಳೆಯ ಪ್ರಶ್ನೆ ತಮ್ಮಾ. ಅಜ್ಜಿಯ ಮಾತಿನಲ್ಲಿ ಸತ್ಯ ಇದೆ, ಅದನ್ನು ತಳ್ಳಿಹಾಕಬೇಡ. ಸತ್ಯವೇದದಲ್ಲೂ ಅಂಥ ಮಾತುಗಳಿವೆ. ಗಾಳಿ ಬಿತ್ತಿದವರು ಬಿರುಗಾಳಿ ಕೊಯ್ಯುತ್ತಾರೆ ಅಂತ ಪ್ರವಾದಿ ಹೋಶೇಯ ಹೇಳಿದ. ಕೆಟ್ಟದ್ದನ್ನು ಉತ್ತವರು ಅದನ್ನೇ ಕೊಯ್ಯುತ್ತಾರೆ ಅನ್ನೋ ಮಾತು ಯೋಬನ ಪುಸ್ತಕದ 4ನೇ ಅಧ್ಯಾಯದಲ್ಲಿದೆ.

ಆದರೆ ಆ ಎರಡನೆಯದನ್ನು ಹೇಳಿದ್ದು ಯಾರು ಅಂತ ನೋಡು. ಎಲೀಫಜ. ಮಕ್ಕಳನ್ನೆಲ್ಲಾ ಕಳೆದುಕೊಂಡು ಬೂದಿಯಲ್ಲಿ ಕೂತ ಗೆಳೆಯ ಯೋಬನಿಗೆ ಹೇಳಿದ. ಪುಸ್ತಕದ ಕೊನೆಯಲ್ಲಿ ದೇವರು ಅದೇ ಎಲೀಫಜನಿಗೆ, ನನಗೆ ನಿನ್ನ ಮೇಲೆ ಸಿಟ್ಟಿದೆ, ನೀನು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಮಾತಾಡಲಿಲ್ಲ ಅಂದ. ಮಾತು ಹಳೆಯದು, ಕೇಳೋಕೆ ಸರಿಯಾಗಿಯೇ ಇದೆ. ಅದನ್ನು ಯೋಬನ ಮೇಲೆ ಎಸೆದದ್ದು ತಪ್ಪಾಯಿತು.

ಕ್ರೈಸ್ತ ನಂಬಿಕೆ ಬೇರೆಯಾಗುವುದು ಕೃಪೆಯ ಜಾಗದಲ್ಲಿ. "ನಮ್ಮ ಪಾಪಗಳಿಗೆ ಸರಿಯಾಗಿ ಆತನು ನಮ್ಮನ್ನು ನಡಿಸಿಕೊಂಡಿಲ್ಲ" ಅನ್ನೋ ಅರ್ಥದ ಮಾತು 103ನೇ ಕೀರ್ತನೆಯಲ್ಲಿ ಬರುತ್ತದೆ. ನಾವು ಬಿತ್ತಿದ್ದರ ಅತಿ ಕಹಿಯಾದ ಬೆಳೆಯನ್ನು ಶಿಲುಬೆಯ ಮೇಲೆ ಯೇಸು ಕೊಯ್ದ. ಆತ ಬಿತ್ತಿದ್ದನ್ನು ನಾವು ಉಣ್ಣುತ್ತಿದ್ದೇವೆ. ಕೊನೆಯ ಮಾತು ಲೆಕ್ಕದ್ದಾಗಿದ್ದರೆ ನಮ್ಮಲ್ಲಿ ಯಾರೂ ಉಳಿಯುತ್ತಿರಲಿಲ್ಲ.

ಹಾಗಂತ ಬಿತ್ತನೆಯ ನಿಯಮ ರದ್ದಾಗಿಲ್ಲ. ಕೃಪೆ ಹೊಂದಿದ ಸಭೆಗೇ ಪೌಲ ಈ ಎಚ್ಚರಿಕೆ ಬರೆದದ್ದು. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಸಂಜೆರಾಗ

ಎಲೀಫಜನ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇತ್ತು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಪ್ರಾರ್ಥನೆಗೆ ಅಂತ ಕೆಲವರು ಬಂದರು. ಪ್ರಾರ್ಥನೆ ಮುಗಿಯಿತು. ಅವರಲ್ಲಿ ಒಬ್ಬರು ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯಾ ಅಂತ ನೀವಿಬ್ಬರೂ ಕೂತು ನೋಡಿಕೊಳ್ಳಿ" ಅಂದರು. ದನಿ ಮೆತ್ತಗೇ ಇತ್ತು. ನನ್ನ ಕೈಯಲ್ಲಿ ಮಗುವಿನ ಔಷಧಿಯ ಚೀಟಿ ಇತ್ತು. ಅವರು ಹೋದ ಮೇಲೂ ಅದನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಆ ರಾತ್ರಿ ನಾನು ಮಗಳಿಗೋಸ್ಕರ ಪ್ರಾರ್ಥನೆ ಮಾಡಲಿಲ್ಲ. ನನ್ನ ಹಳೆಯ ಪಾಪಗಳನ್ನು ಒಂದೊಂದಾಗಿ ಹುಡುಕುತ್ತಾ ಕೂತೆ. ಆ ಮಾತು ನನ್ನಿಂದ ಕಿತ್ತುಕೊಂಡದ್ದು ಆ ಪ್ರಾರ್ಥನೆಯನ್ನು.

ಆಮೇಲೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯವನ್ನು ಮತ್ತೆ ಓದಿದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಇದೇ ಪ್ರಶ್ನೆ: ಯಾರು ಪಾಪ ಮಾಡಿದರು, ಇವನೋ, ಇವನ ಹೆತ್ತವರೋ? ಇವನೂ ಅಲ್ಲ, ಹೆತ್ತವರೂ ಅಲ್ಲ ಅಂದುಬಿಟ್ಟ ಯೇಸು. ಈಗ ಮಗಳು ಚೆನ್ನಾಗಿದ್ದಾಳೆ. ಅವಳು ಉಳಿಯದೆ ಹೋಗಿದ್ದರೂ ಆ ಉತ್ತರ ಸತ್ಯವಾಗಿಯೇ ಇರುತ್ತಿತ್ತು.

ಓದುಗ ಮಿತ್ರ

ಸಿಸ್ಟರ್, ಇದನ್ನು ಬರೆದದ್ದಕ್ಕೆ ಮನಸ್ಸಿನಿಂದ ವಂದನೆ. ಲೂಕನ 13ನೇ ಅಧ್ಯಾಯವೂ ಇಲ್ಲಿ ನೆನಪಾಗುತ್ತದೆ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಬೇರೆಯವರಿಗಿಂತ ಜಾಸ್ತಿ ಪಾಪಿಗಳು ಅಂತ ನೆನೆಸುತ್ತೀರೋ ಅಂತ ಯೇಸುವೇ ಕೇಳಿ, ಅಲ್ಲ ಅಂತ ತಾನೇ ಉತ್ತರ ಕೊಟ್ಟ. ಸತ್ತವರ ಲೆಕ್ಕ ಬಿಡಿ, ನೀವು ತಿರುಗಿಕೊಳ್ಳಿ ಅಂದ. ಪ್ರಶ್ನೆಯನ್ನು ಕೇಳುವವರ ಕಡೆಗೇ ತಿರುಗಿಸಿದ.

ಲೆಕ್ಕದ ಕೋಣೆ

ನನ್ನದು ಕಚೇರಿಯ ವಿಷಯ. ಹೆಸರು, ಜಾಗ ಹೇಳುವುದಿಲ್ಲ.

ಸರಕು ಬಂದ ದಿನಾಂಕವನ್ನು ಹಿಂದಕ್ಕೆ ಹಾಕಿ ಸಹಿ ಮಾಡು ಅಂತ ಮೇಲಿನವರು ಹೇಳಿದರು. ಎರಡೇ ದಿನದ ವ್ಯತ್ಯಾಸ, ಯಾರಿಗೂ ನಷ್ಟ ಇಲ್ಲ ಅಂದರು. ನಾನು ಆಗುವುದಿಲ್ಲ ಅಂದೆ. ನನ್ನ ಪಕ್ಕದ ಮೇಜಿನವರು ಮಾಡಿಕೊಟ್ಟರು. ಅವರಿಗೆ ಬಡ್ತಿ ಸಿಕ್ಕಿತು. ನನಗೆ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಸಾಕ್ಷಿ ಹೇಳುವಾಗ ಜನ ಇಲ್ಲಿ ಒಂದು ತಿರುವು ನಿರೀಕ್ಷೆ ಮಾಡುತ್ತಾರೆ. ನನ್ನ ಕಥೆಯಲ್ಲಿ ಅದಿಲ್ಲ.

ಆದರೆ ಒಂದನ್ನು ಹತ್ತಿರದಿಂದ ನೋಡಿದೆ. ಮೊದಲ ಸಲ ಆ ಪಕ್ಕದ ಮೇಜಿನವರನ್ನು ದಯವಿಟ್ಟು ಅಂತ ಕೇಳಿದ್ದರು. ಎರಡನೇ ಸಲ ಮಾಡಿಬಿಡು ಅಂದರು. ಅದಾದ ಮೇಲೆ ಕೇಳುವುದೇ ನಿಂತುಹೋಯಿತು, ಕಡತ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಯಾಕೆಂದರೆ ಮೊದಲ ಸಹಿ ಮೇಲಿನವರ ಹತ್ತಿರ ಇದೆ. ಈಗ ಅವರಿಗೆ ಇಲ್ಲ ಅನ್ನೋಕೆ ಆಗಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ, "ನಿನ್ನ ಹತ್ತಿರ ಯಾರೂ ಯಾಕೆ ಬರಲ್ಲ?" ಅಂತ ನನ್ನನ್ನು ಕೇಳಿದರು.

ಪಾಪದ ಬೆಳೆ ಅಂದರೆ ಸಿಕ್ಕಿಬೀಳುವುದು, ಶಿಕ್ಷೆಯಾಗುವುದು ಅಂತ ಅಂದುಕೊಂಡಿದ್ದೆ. ಸಿಕ್ಕಿಬೀಳದೆ ಹೋದರೂ ಬೆಳೆ ಬರುತ್ತದೆ. ಮುಂದಿನ ಸುಳ್ಳನ್ನು ಹೇಳಲೇಬೇಕಾದ ಸ್ಥಿತಿಗೆ ಬರುವುದೇ ಮೊದಲ ಸುಳ್ಳಿನ ಬೆಳೆ.

ಮೂರನೇ ಬೆಂಚು

ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದೀರಿ. ಆದರೆ ಆಶೀರ್ವಾದದ ಭಾಗವನ್ನು ಯಾರೂ ಮುಟ್ಟಿಲ್ಲ. ದೇವರ ಕೆಲಸಕ್ಕೆ ಕಾಣಿಕೆ ಬಿತ್ತಿದರೆ ದೇವರು ನೂರರಷ್ಟು ಕೊಡುತ್ತಾನೆ ಅನ್ನೋದು ವಾಗ್ದಾನ. ಬರಗಾಲದಲ್ಲಿ ಇಸಾಕ ಬಿತ್ತಿದ, ಅದೇ ವರ್ಷ ನೂರರಷ್ಟು ಕೊಯ್ದ. ಮಲಾಕಿಯ 3:10ರಲ್ಲಿ ದಶಮಾಂಶ (ಹತ್ತನೇ ಒಂದು ಪಾಲು) ತಂದುಕೊಟ್ಟು ನನ್ನನ್ನು ಪರೀಕ್ಷಿಸಿ ನೋಡಿ ಅಂತ ದೇವರೇ ಹೇಳಿದ್ದಾನೆ. ಕಷ್ಟದಲ್ಲಿರುವಾಗಲೇ ಬೀಜದ ಕಾಣಿಕೆ ಕೊಡಬೇಕು, ಅದು ನಂಬಿಕೆ. ನನ್ನ ಜೀವನದಲ್ಲಿ ಕೊಟ್ಟಾಗಲೆಲ್ಲ ದೇವರು ನೋಡಿಕೊಂಡಿದ್ದಾನೆ.

ಹೊಸಬ

ಅಣ್ಣ, ನಾನು ಕೇಳಬೇಕು ಅಂದುಕೊಂಡಿದ್ದೂ ಇದನ್ನೇ. ನನಗೆ ಪರಿಚಯದ ಒಬ್ಬರು ಸಾಲ ತೀರಲಿ ಅಂತ ಇನ್ನೊಂದು ಸಾಲ ಮಾಡಿ ಬೀಜದ ಕಾಣಿಕೆ ಕೊಟ್ಟಿದ್ದಾರೆ. ಈಗ ಎರಡು ಸಾಲ ಇದೆ. ನಿಮ್ಮ ನಂಬಿಕೆ ಕಡಿಮೆಯಾಯಿತು ಅಂತ ಅವರಿಗೆ ಹೇಳಿದರಂತೆ.

ಹಳೇ ವಿಶ್ವಾಸಿ

ಇದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಬರೆಯಬೇಕು. ಓದುವವರು ತಾಳ್ಮೆ ಇಟ್ಟುಕೊಳ್ಳಿ. ಎರಡು ಸಾಲದಲ್ಲಿ ಸಿಕ್ಕಿದವರ ವಿಷಯ ಕೇಳಿ ನನಗೆ ತುಂಬಾ ನೋವಾಯಿತು.

ಮೊದಲಿಗೆ, ಮೂರನೇ ಬೆಂಚು ಬ್ರದರ್, ನೀವು ಕೊಟ್ಟಾಗ ದೇವರು ನೋಡಿಕೊಂಡದ್ದನ್ನು ನಾನು ನಂಬುತ್ತೇನೆ. ಕೈಬಿಚ್ಚಿ ಕೊಡುವವರಿಗೆ ಹೆಚ್ಚುತ್ತದೆ ಅಂತ ಜ್ಞಾನೋಕ್ತಿ 11ರಲ್ಲಿ ಇದೆ. ಕೊಡುವುದು ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ.

"ಸ್ವಲ್ಪವಾಗಿ ಬಿತ್ತುವವನು ಸ್ವಲ್ಪವನ್ನೇ ಕೊಯ್ಯುವನು" ಅನ್ನೋದು ಎರಡನೇ ಕೊರಿಂಥದ 9ನೇ ಅಧ್ಯಾಯದ ಮಾತು. ಅಲ್ಲಿ ಪೌಲ ಯಾತಕ್ಕೆ ಹಣ ಕೂಡಿಸುತ್ತಿದ್ದ? ಯೆರೂಸಲೇಮಿನ ಬಡ ವಿಶ್ವಾಸಿಗಳಿಗೋಸ್ಕರ. ತನಗಲ್ಲ. ಆ ಹಣ ಸಾಗಿಸುವಾಗ ಯಾರೂ ತಪ್ಪು ಹುಡುಕಬಾರದು ಅಂತ, ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಇಟ್ಟುಕೊಂಡ. 8ನೇ ಅಧ್ಯಾಯದ 19ರಿಂದ 21 ಓದಿ. ಬಿತ್ತನೆಯ ಬೋಧನೆ ಕೊಡುವವರು ಈ ಮೂರು ವಚನಗಳನ್ನೂ ಬೋಧಿಸಬೇಕು. ಹಣ ಎಲ್ಲಿಗೆ ಹೋಗುತ್ತದೆ, ಲೆಕ್ಕ ಯಾರು ನೋಡುತ್ತಾರೆ ಅಂತ ಕೇಳುವುದು ಅಪನಂಬಿಕೆಯಲ್ಲ.

ಅದೇ ಅಧ್ಯಾಯದ 12ನೇ ವಚನ ಇನ್ನೂ ಸ್ಪಷ್ಟ. ಮನಸ್ಸಿದ್ದರೆ, ಒಬ್ಬನ ಹತ್ತಿರ ಇರುವುದಕ್ಕೆ ತಕ್ಕ ಹಾಗೆ ಅದು ಮೆಚ್ಚುಗೆಯಾಗುತ್ತದೆ, ಇಲ್ಲದ್ದಕ್ಕೆ ತಕ್ಕ ಹಾಗೆ ಅಲ್ಲ. ಸಾಲ ಮಾಡಿ ಕೊಟ್ಟದ್ದು ಇಲ್ಲದ್ದರಿಂದ ಕೊಟ್ಟದ್ದೇ. ಒತ್ತಾಯದಿಂದ ಕೊಡಬೇಡಿ ಅಂತಲೂ 9:7ರಲ್ಲಿ ಬರೆದಿದೆ. ಮಕೆದೋನ್ಯದವರು ಕಡು ಬಡತನದಲ್ಲೂ ಕೊಟ್ಟರು, ನಿಜ. ಆದರೆ ಅವರು ತಾವೇ ಬೇಡಿಕೊಂಡು ಕೊಟ್ಟರು. ಪೌಲ ಅವರನ್ನು ಹೆದರಿಸಲಿಲ್ಲ.

ಮಲಾಕಿಯ ಹೇಳುವ ದಶಮಾಂಶ ದೇವಾಲಯದ ಬೊಕ್ಕಸದ ದವಸ. ದೇವಾಲಯದ ಸೇವೆ ಮಾಡುವ ಲೇವಿಯರು ಅದರಿಂದ ಬದುಕುತ್ತಿದ್ದರು. ಧರ್ಮೋಪದೇಶಕಾಂಡದ 14ರ ಪ್ರಕಾರ ಮೂರನೇ ವರ್ಷದ ದಶಮಾಂಶದಲ್ಲಿ ಪರದೇಶಿ, ಅನಾಥ, ವಿಧವೆಯರಿಗೂ ಪಾಲಿತ್ತು. ನಿಮ್ಮ ಪರಿಚಯದವರಂಥ ಕಷ್ಟದಲ್ಲಿರುವವರಿಗೆ ಅಲ್ಲಿಂದ ಸಿಗಬೇಕಿತ್ತು. ಇಲ್ಲಿ ಅವರ ಹತ್ತಿರ ಇದ್ದದ್ದೂ ಹೋಯಿತು.

ಇಸಾಕನ ಕಥೆಯನ್ನು ನೂರರಷ್ಟಕ್ಕೆ ನಿಲ್ಲಿಸಬೇಡಿ. ಆದಿಕಾಂಡ 26ನ್ನು ಪೂರ್ತಿ ಓದಿ. ಅವನು ಬಿತ್ತಿದ್ದು ನಿಜವಾದ ಹೊಲದಲ್ಲಿ, ನಿಜವಾದ ಕಾಳು. ಬೆಳೆ ಬಂದ ಮೇಲೆ ಫಿಲಿಷ್ಟಿಯರಿಗೆ ಹೊಟ್ಟೆಕಿಚ್ಚು ಬಂತು. ಅವನ ತಂದೆಯ ಕಾಲದ ಬಾವಿಗಳಲ್ಲಿ ಮಣ್ಣು ತುಂಬಿದರು, ಅವನನ್ನು ಊರು ಬಿಡಿಸಿದರು. ಅವನು ಬಾವಿ ತೋಡಿದ, ಜಗಳ ಬಂತು, ಬಿಟ್ಟುಕೊಟ್ಟ. ಇನ್ನೊಂದು ತೋಡಿದ, ಅದಕ್ಕೂ ಜಗಳ ಬಂತು, ಅದನ್ನೂ ಬಿಟ್ಟುಕೊಟ್ಟ. ಮೂರನೆಯದಕ್ಕೆ ಜಗಳ ಬರಲಿಲ್ಲ. ಕೊನೆಗೆ ಅವನನ್ನು ಓಡಿಸಿದ ಫಿಲಿಷ್ಟಿಯರ ಅರಸ ಅಬೀಮೆಲೆಕನೇ ಬಂದು, ನಮ್ಮ ನಿಮ್ಮ ನಡುವೆ ಒಪ್ಪಂದ ಇರಲಿ ಅಂದ. ಬಿಟ್ಟುಕೊಟ್ಟ ಆ ಬಾವಿಗಳೂ ಬಿತ್ತನೆಯೇ ಅಂತ ನನಗೆ ಅನಿಸುತ್ತದೆ. ಅದರ ಬೆಳೆ ಸಮಾಧಾನ. ಅದರ ಬಗ್ಗೆ ಯಾಕೋ ಪ್ರಸಂಗಗಳು ಕಡಿಮೆ.

ಬೀಜದ ಕಾಣಿಕೆಯ ಬೋಧನೆ ಇವತ್ತಿನ ರೂಪದಲ್ಲಿ ಹರಡಿದ್ದು 20ನೇ ಶತಮಾನದಲ್ಲಿ, ಅಮೆರಿಕದ ಟಿವಿ ಪ್ರಸಂಗಿ ಓರಲ್ ರಾಬರ್ಟ್ಸ್ ಅವರಂಥವರಿಂದ. 2010ರಲ್ಲಿ ಕೇಪ್ ಟೌನಿನಲ್ಲಿ ಸೇರಿದ ಲೊಸಾನ್ ಸಮ್ಮೇಳನದ ಹೇಳಿಕೆಯಲ್ಲಿ, ಸಮೃದ್ಧಿಯ ಸುವಾರ್ತೆಯನ್ನು (ನಂಬಿ ಕೊಟ್ಟರೆ ದೇವರು ಹಣ, ಆರೋಗ್ಯ ಕೊಡುತ್ತಾನೆ ಅನ್ನೋದನ್ನು) ಸಾರುವ ಅನೇಕರ ಬೋಧನೆ ಸತ್ಯವೇದವನ್ನು ತಿರುಚುತ್ತದೆ ಅಂತ ಬರೆದಿದ್ದಾರೆ. ಅದು ಹೊರಗಿನವರ ಟೀಕೆಯಲ್ಲ. ಸುವಾರ್ತೆ ಸಾರುವವರೇ ಸೇರಿ ಹೇಳಿದ್ದು.

ಹೊಸಬ ತಮ್ಮಾ, ಆ ಪರಿಚಯದವರಿಗೆ ನಂಬಿಕೆ ಕಡಿಮೆಯಾಗಿಲ್ಲ ಅಂತ ಹೇಳು. ಮೊದಲು ಬಡ್ಡಿ ಜಾಸ್ತಿ ಇರುವ ಸಾಲವನ್ನು ತೀರಿಸೋಕೆ ಕೂತು ಲೆಕ್ಕ ಹಾಕಲಿ. ಕೊಡಬೇಕಾದವರಿಗೆ ಕೊಡುವುದೂ ದೇವರ ಮುಂದೆ ನೀತಿಯೇ.

ಮೂರನೇ ಬೆಂಚು

ಸಾಲ ಮಾಡಿ ಕೊಡಿ ಅಂತ ನಾನು ಹೇಳುವುದಿಲ್ಲ. ಅದು ತಪ್ಪು, ಒಪ್ಪುತ್ತೇನೆ. ಆದರೆ ಕೊಟ್ಟಾಗ ದೇವರಿಂದ ನಿರೀಕ್ಷೆ ಮಾಡಲೇಬಾರದಾ? ವಾಗ್ದಾನ ಇದೆಯಲ್ಲ.

ಹಳೇ ವಿಶ್ವಾಸಿ

ನಿರೀಕ್ಷೆ ಮಾಡಿ ಬ್ರದರ್. 9:11ರಲ್ಲಿ ಪೌಲ ಏನನ್ನು ನಿರೀಕ್ಷೆ ಮಾಡಬೇಕು ಅಂತಲೂ ಹೇಳಿದ್ದಾನೆ: ಇನ್ನೂ ಉದಾರವಾಗಿ ಕೊಡುವಂತೆ ನಿಮಗೆ ಎಲ್ಲದರಲ್ಲೂ ಸಮೃದ್ಧಿಯಾಗುತ್ತದೆ. ಬೆಳೆ ಬರುವುದು ಮತ್ತೆ ಬಿತ್ತೋಕೆ. ಅದನ್ನು ಮನಸ್ಸಿನಲ್ಲಿಟ್ಟು ನಿರೀಕ್ಷೆ ಮಾಡಿದರೆ ನನ್ನದೇನೂ ತಕರಾರಿಲ್ಲ.

ದೊಡ್ಡಮಗಳು

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ.

ನಮ್ಮ ತಂದೆ ನಾವು ಚಿಕ್ಕವರಿದ್ದಾಗ ಪೂರ್ತಿ ಕುಡಿತದಲ್ಲಿ ಇದ್ದರು. ಅಮ್ಮ ಏಟು ತಿಂದದ್ದನ್ನು ನೋಡಿದ್ದೇವೆ. ಕೆಲವು ವರ್ಷಗಳ ಹಿಂದೆ ಅವರು ಯೇಸುವನ್ನು ನಂಬಿದರು, ಕುಡಿತ ಬಿಟ್ಟರು. ಅದು ನಿಜವಾದ ಬದಲಾವಣೆ, ನಾನು ಅನುಮಾನ ಪಡುವುದಿಲ್ಲ. ಆದರೆ ನನ್ನ ತಂಗಿ ಅವರ ಜೊತೆ ಮಾತಾಡುವುದಿಲ್ಲ, ಅವಳ ಮಕ್ಕಳನ್ನು ಅವರ ಹತ್ತಿರ ಬಿಡುವುದಿಲ್ಲ. ಅಪ್ಪ ಹೇಳುವುದು: "ದೇವರೇ ಕ್ಷಮಿಸಿ ಮರೆತಿದ್ದಾನೆ, ನೀವು ಯಾಕೆ ಎತ್ತುತ್ತೀರಿ?" ಸಭೆಯವರೂ ತಂಗಿಗೇ ಬುದ್ಧಿ ಹೇಳುತ್ತಾರೆ. ಕ್ಷಮೆ ಸಿಕ್ಕಿದ ಮೇಲೂ ಕೊಯ್ಲು ಇರುತ್ತದಾ?

ಹಳೇ ವಿಶ್ವಾಸಿ

ಇರುತ್ತದಮ್ಮಾ. ದಾವೀದನನ್ನು ನೋಡಿ. ಅವನು ಊರೀಯನ ಹೆಂಡತಿಯ ಜೊತೆ ವ್ಯಭಿಚಾರ ಮಾಡಿ ಊರೀಯನನ್ನು ಕೊಲ್ಲಿಸಿದ್ದ. ಪ್ರವಾದಿ ನಾತಾನ ಬಂದು ತೋರಿಸಿದಾಗ ಅವನು ಒಪ್ಪಿಕೊಂಡ. ಅದೇ ಗಳಿಗೆಯಲ್ಲಿ, ಯೆಹೋವನು ನಿನ್ನ ಪಾಪವನ್ನು ಪರಿಹರಿಸಿದ್ದಾನೆ, ನೀನು ಸಾಯುವುದಿಲ್ಲ ಅಂತ ನಾತಾನ ಹೇಳಿದ. ಎರಡನೇ ಸಮುವೇಲ 12:13. ಕ್ಷಮೆ ಪೂರ್ತಿ ಸಿಕ್ಕಿತು. ಆದರೆ ಅದೇ ಅಧ್ಯಾಯದಲ್ಲಿ, ಕತ್ತಿ ನಿನ್ನ ಮನೆಯನ್ನು ಬಿಡುವುದಿಲ್ಲ ಅನ್ನೋ ಮಾತೂ ಇದೆ. ಮುಂದೆ ಅವನ ಮಗ ಅಮ್ನೋನ ಮಲತಂಗಿ ತಾಮಾರಳನ್ನು ಕೆಡಿಸಿದ, ಅವಳ ಅಣ್ಣ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ. ಅಪ್ಪ ಮಾಡಿದ್ದನ್ನು ಗಂಡುಮಕ್ಕಳು ತಮ್ಮ ಬದುಕಿನಲ್ಲಿ ಮತ್ತೆ ನಡೆಸಿದರು.

ದೇವರ ಮುಂದಿನ ತೀರ್ಪು ಕೃಪೆಯಿಂದ ಒಂದು ಕ್ಷಣದಲ್ಲಿ ಬದಲಾಗುತ್ತದೆ. ಮಗಳ ಎದೆಯಲ್ಲಿ ಬೆಳೆದ ಹೆದರಿಕೆ ಹಾಗೆ ಹೋಗುವುದಿಲ್ಲ. ಅದನ್ನು ಅವಳು ಬೇಕಂತ ಇಟ್ಟುಕೊಂಡಿಲ್ಲ. ಅದು ಬಿತ್ತಿದ್ದು ಅಪ್ಪ. ಕ್ಷಮೆಯ ವಾಕ್ಯವನ್ನು ಹಿಡಿದು ಅಪ್ಪ ಈಗ ಅವಳಿಂದ ನಂಬಿಕೆಯನ್ನು ಕೇಳುತ್ತಿದ್ದಾರೆ. ಬಿತ್ತದ ಬೆಳೆಯನ್ನು ಕೇಳಿದ ಹಾಗಾಯಿತು ಅದು.

ಲೂಕ 19ರಲ್ಲಿ ಬರುವ ಸುಂಕದವ ಜಕ್ಕಾಯ ಏನು ಮಾಡಿದ? ನನ್ನನ್ನು ಎಲ್ಲರೂ ನಂಬಲಿ ಅನ್ನಲಿಲ್ಲ. ಅರ್ಧ ಆಸ್ತಿ ಬಡವರಿಗೆ, ತನ್ನಿಂದ ಮೋಸ ಹೋದವರಿಗೆ ನಾಲ್ಕರಷ್ಟು ವಾಪಸ್ ಅಂದ. ಹೊಸ ಬಿತ್ತನೆಯನ್ನು ತಾನೇ ಶುರು ಮಾಡಿದ.

ಸಭೆಯವರು ತಂಗಿಗೆ ಬುದ್ಧಿ ಹೇಳುವುದನ್ನು ನಿಲ್ಲಿಸಬೇಕು. ಮಕ್ಕಳನ್ನು ಕಾಪಾಡುವ ತಾಯಿ ಪಾಪ ಮಾಡುತ್ತಿಲ್ಲ.

ಕೀರ್ತನೆ 126

ದೊಡ್ಡಮಗಳು ಅಕ್ಕ ಬರೆದದ್ದನ್ನು ಓದಿ ನನ್ನದನ್ನೂ ಹೇಳಬೇಕು ಅನಿಸಿತು. ನನ್ನದು ಕೊಯ್ಲಿನ ಇನ್ನೊಂದು ತುದಿ.

ಮದುವೆಯಾಗಿ ಬಂದಾಗಿನಿಂದ ನನ್ನ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಮಾಡಿದ ಅಡುಗೆಯನ್ನು ಎಲ್ಲರ ಮುಂದೆ ತಳ್ಳಿಬಿಡುತ್ತಿದ್ದರು. ನನ್ನ ತವರಿನವರು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಈಗ ಅವರಿಗೆ ಪಾರ್ಶ್ವವಾಯು. ಬಲಗೈ, ಬಲಗಾಲು ಆಡುವುದಿಲ್ಲ, ಮಾತು ತೊದಲು. ನೋಡಿಕೊಳ್ಳುತ್ತಿರುವುದು ನಾನೇ. ಬಂದ ನೆಂಟರು ನನ್ನ ಕಿವಿಯಲ್ಲಿ, "ನೋಡು, ಬಿತ್ತಿದ್ದನ್ನ ಕೊಯ್ತಿದ್ದಾರೆ" ಅಂತಾರೆ. ನನ್ನ ಪರವಾಗಿ ಹೇಳುತ್ತಿದ್ದೇವೆ ಅಂದುಕೊಂಡಿದ್ದಾರೆ.

ಅವರ ಉಗುರು ಕತ್ತರಿಸುವಾಗ ಬಲಗೈ ಬೆರಳುಗಳು ಮಡಚಿಕೊಂಡಿರುತ್ತವೆ. ಒಂದೊಂದನ್ನೇ ಮೆಲ್ಲಗೆ ಬಿಡಿಸಬೇಕು. ಅವಸರ ಮಾಡಿದರೆ ಅವರಿಗೆ ನೋವಾಗುತ್ತದೆ. ಮೊದಮೊದಲು ಆ ಹೊತ್ತಿನಲ್ಲಿ ಹಳೆಯದೆಲ್ಲ ನೆನಪಿಗೆ ಬರುತ್ತಿತ್ತು. ಸ್ವಲ್ಪ ಜೋರಾಗಿ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಅವರಿಗೆ ಹೇಳೋಕೂ ಬರುವುದಿಲ್ಲ. ಅಲ್ಲಿ ನಾನು ಒಂದು ತೀರ್ಮಾನ ಮಾಡಿದೆ. ಅವರು ಬಿತ್ತಿದ್ದರ ಲೆಕ್ಕ ದೇವರದ್ದು. ಅವರ ಕೊಯ್ಲಿಗೆ ನಾನು ಕುಡುಗೋಲು ಆಗುವುದಿಲ್ಲ.

ಯೋಸೇಫನೂ ಇದನ್ನೇ ಹೇಳಿದ ಅಲ್ವಾ? ಅಪ್ಪ ಸತ್ತ ಮೇಲೆ ಇವನು ಸೇಡು ತೀರಿಸಿಕೊಳ್ಳುತ್ತಾನೆ ಅಂತ, ಅವನನ್ನು ಹಿಂದೆ ಮಾರಿದ್ದ ಅಣ್ಣಂದಿರು ಹೆದರಿದರು. "ನಾನೇನು ದೇವರ ಸ್ಥಾನದಲ್ಲಿದ್ದೇನೋ?" ಅಂದ. ಆ ಮನೆಯಲ್ಲಿ ತಲೆಮಾರುಗಳಿಂದ ಬಿತ್ತುತ್ತಾ ಬಂದಿದ್ದರು. ಇಸಾಕನಿಗೆ ಏಸಾವ ಇಷ್ಟ, ರೆಬೆಕ್ಕಳಿಗೆ ಯಾಕೋಬ ಇಷ್ಟ. ಯಾಕೋಬ ಮೇಕೆಯ ಚರ್ಮ ಕಟ್ಟಿಕೊಂಡು ಕುರುಡು ತಂದೆಗೆ ಮೋಸ ಮಾಡಿದ. ಆಮೇಲೆ ಅವನ ಮಕ್ಕಳು ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ಅವನಿಗೇ ಮೋಸ ಮಾಡಿದರು. ಯೋಸೇಫನ ಕೈಗೆ ಬಂದಾಗ ಅವನು ಮುಂದಕ್ಕೆ ಸಾಗಿಸಲಿಲ್ಲ. ಅಣ್ಣಂದಿರ ಮಕ್ಕಳಿಗೂ ಊಟ ಕೊಡುತ್ತೇನೆ ಅಂದ.

ಅತ್ತೆ ಬದಲಾಗಿದ್ದಾರೆ ಅಂತ ಹೇಳಲಾರೆ. ಈಗಲೂ ಊಟದ ಬಟ್ಟಲನ್ನು ಎಡಗೈಯಿಂದ ತಳ್ಳುವ ದಿನಗಳಿವೆ. ನನ್ನ ಮಗ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ. ಅವನು ನೋಡುತ್ತಿರುವುದು ನನಗೆ ಗೊತ್ತು.

ಸಂಜೆರಾಗ

ಅಕ್ಕ, ನೆಂಟರ ಆ ಮಾತಿಗೆ ನೀವು ಏನು ಉತ್ತರ ಕೊಡುತ್ತೀರಿ?

ಕೀರ್ತನೆ 126

"ಅವರಿಗೆ ಸ್ವಲ್ಪ ನೀರು ಕುಡಿಸುತ್ತೀರಾ, ನಾನು ಈಗ ಬಂದೆ" ಅಂತ ಲೋಟ ಅವರ ಕೈಗೆ ಕೊಡುತ್ತೇನೆ. ಕೆಲವರು ಕುಡಿಸುತ್ತಾರೆ. ಆಮೇಲೆ ಆ ಮಾತು ಮತ್ತೆ ಬರುವುದಿಲ್ಲ.

ಲೆಕ್ಕದ ಕೋಣೆ

ಸಿಸ್ಟರ್, ನನಗೂ ಒಂದು ಪ್ರಶ್ನೆ ಇದೆ. ದಣಿವಾಗುವುದಿಲ್ಲವೇ? ನನಗೆ ಆಗುತ್ತದೆ. ಸರಿಯಾದದ್ದನ್ನೇ ಮಾಡುತ್ತಾ ಹೋಗುತ್ತೇನೆ, ಏನೂ ಕಾಣಿಸುವುದಿಲ್ಲ.

ಓದುಗ ಮಿತ್ರ

ಬ್ರದರ್, ನಿಮ್ಮ ದಣಿವು ಪೌಲನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಅದಕ್ಕೇ 7ನೇ ವಚನದ ಎರಡೇ ವಚನ ಆಚೆಗೆ ಬೇಸರಪಡಬೇಡಿ ಅಂತ ಬರೆದ. ತಕ್ಕ ಸಮಯದಲ್ಲಿ ಕೊಯ್ಯುತ್ತೇವೆ ಅಂದ, ಸಮಯ ಯಾವಾಗ ಅಂತ ಹೇಳಲಿಲ್ಲ.

ಮಾರ್ಕನ 4ನೇ ಅಧ್ಯಾಯದಲ್ಲಿ ಮಾತ್ರ ಇರುವ ಒಂದು ಸಾಮ್ಯ (ಯೇಸು ಹೇಳಿದ ಕಥೆ) ನನಗೆ ತುಂಬಾ ಇಷ್ಟ. ಒಬ್ಬ ಬೀಜ ಹಾಕುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಗ್ಗೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಅಂತ ಅವನಿಗೆ ಗೊತ್ತಿಲ್ಲ. ಬೆಳೆಸುವ ಕೆಲಸ ಅವನದ್ದಲ್ಲ. ಮಲಗುವುದಕ್ಕೂ ಅವನಿಗೆ ಅನುಮತಿ ಇದೆ.

ಕೆಲವು ಸಲ ಕೊಯ್ಯುವವರು ಬೇರೆಯವರೇ ಆಗಿರುತ್ತಾರೆ. ಒಬ್ಬನು ಬಿತ್ತುತ್ತಾನೆ, ಇನ್ನೊಬ್ಬನು ಕೊಯ್ಯುತ್ತಾನೆ ಅಂತ ಯೇಸು ಯೋಹಾನ 4ರಲ್ಲಿ ಹೇಳಿದ. ಅಮೆರಿಕದ ಮಿಷನರಿ ಅದೋನಿರಾಮ್ ಜಡ್ಸನ್ ಬರ್ಮಾಕ್ಕೆ ಹೋಗಿದ್ದು 1813ರಲ್ಲಿ. ಅವರ ಮೂಲಕ ನಂಬಿದ ಮೊದಲ ಬರ್ಮೀ ವಿಶ್ವಾಸಿಗೆ ದೀಕ್ಷಾಸ್ನಾನ ಆದದ್ದು 1819ರಲ್ಲಿ. ನಡುವಿನ ಆ ವರ್ಷಗಳಲ್ಲಿ ಅವರು ಭಾಷೆ ಕಲಿತರು, ಅನುವಾದಕ್ಕೆ ಕೈಹಾಕಿದರು. 1834ರಲ್ಲಿ ಇಡೀ ಸತ್ಯವೇದದ ಬರ್ಮೀ ಅನುವಾದ ಮುಗಿಸಿದರು. ಅದನ್ನು ಈಗಲೂ ಓದುವವರಲ್ಲಿ ಯಾರೂ ಅವರನ್ನು ನೋಡಿಲ್ಲ.

ನಿಮ್ಮ ಪಕ್ಕದ ಮೇಜಿನವರು "ನಿನ್ನ ಹತ್ತಿರ ಯಾರೂ ಯಾಕೆ ಬರಲ್ಲ" ಅಂತ ಕೇಳಿದರಲ್ಲ, ಅದಕ್ಕೆ ಉತ್ತರ ಕೊಟ್ಟಿರಾ?

ಲೆಕ್ಕದ ಕೋಣೆ

ಇಲ್ಲ. ಅವತ್ತು ಮಾತು ಬೇರೆ ಕಡೆಗೆ ಹೋಯಿತು. ನಾಳೆ ಕರೆದುಕೊಂಡು ಹೋಗಿ ಮಾತಾಡುತ್ತೇನೆ. ಅವರಿಗೆ ಅದರಿಂದ ಹೊರಗೆ ಬರಬೇಕು ಅಂತ ಇದೆ ಅನಿಸುತ್ತದೆ.

ದೊಡ್ಡಮಗಳು

ಎಲ್ಲರಿಗೂ ವಂದನೆ. ಈ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳೋಣ ಅಂದುಕೊಂಡಿದ್ದೇನೆ. ಜಕ್ಕಾಯನ ಭಾಗ ಅವರಿಗೆ ತಟ್ಟಬಹುದು.

ಹಳೇ ವಿಶ್ವಾಸಿ

ಬೇಡಮ್ಮಾ, ಈ ಚರ್ಚೆಯನ್ನು ಓದಬೇಡಿ. ಹತ್ತು ಜನ ಸೇರಿ ತೀರ್ಪು ಕೊಟ್ಟರು ಅಂತ ಅನಿಸುತ್ತದೆ. ಲೂಕ 19ನ್ನು ಅವರೇ ಓದಲಿ, ನೀವು ಪಕ್ಕದಲ್ಲಿ ಕೂತಿರಿ. ಆಮೇಲೆ ಒಂದೇ ಒಂದು ಕೇಳಿ: ತಂಗಿಗೆ ಒಂದು ಕಾಗದ ಬರೆಯುತ್ತೀರಾ? ಏನು ಮಾಡಿದೆ ಅನ್ನೋದು ಅದರಲ್ಲಿ ಇರಲಿ. ನನ್ನನ್ನು ಕ್ಷಮಿಸು ಅನ್ನೋ ಬೇಡಿಕೆಯೂ, ಮೊಮ್ಮಕ್ಕಳನ್ನು ಕಳಿಸು ಅನ್ನೋ ಮಾತೂ ಬೇಡ. ಬರೆದರೆ ಅದನ್ನು ತಂಗಿಗೆ ತಲುಪಿಸಿ. ಓದುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ಉತ್ತರ ಬಂತಾ ಅಂತ ಅಪ್ಪ ದಿನಾ ಕೇಳದ ಹಾಗೆ ನೋಡಿಕೊಳ್ಳಿ.

ದೊಡ್ಡಮಗಳು

ಆಗಲಿ ಅಂಕಲ್. ಭಾನುವಾರ ಆರಾಧನೆ ಮುಗಿದ ಮೇಲೆ ಕೇಳುತ್ತೇನೆ. ತಂಗಿಗೆ ಮೊದಲೇ ಏನೂ ಹೇಳುವುದಿಲ್ಲ.